ಕಡಲಿಗೂ ರಜೆ ಕೊಡುವ ಊರು

ಮಕ್ಕಳೇ, ಬೇಸಿಗೆ ರಜೆ ಮುಗಿದು ನಿಮ್ಮ ಶಾಲೆ ಶುರುವಾಗುವ ಹೊತ್ತಿಗೆ ಮಲ್ಪೆಯಲ್ಲಿ ಕಡಲಿಗೆ ರಜೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಮಳೆಗಾಲದಲ್ಲಿ ಬಹಳಷ್ಟು ಮೀನುಗಳು ಮೊಟ್ಟೆಯಿಡುತ್ತವೆ, ಕಡಲೂ ಅಬ್ಬರದಲ್ಲಿರುತ್ತದೆ.

ನಮ್ಮ ಚಂದ್ರಾ ಲೇಔಟಿನಿಂದ ಸುಮಾರು 400 ಕಿ.ಮೀ. ದೂರ ಈ ಊರು. ಉಡುಪಿಯಿಂದ ಆರೇ ಕಿ.ಮೀ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಂದರು. ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಎಂಟು ಕೋಟಿ ವರ್ಷಕ್ಕೂ ಹಳೆಯ ಲಾವಾ ಆರಿ ಸೀಳಿದ ಕಂಬಗಳು, ಯಾರೋ ಕೆತ್ತಿಟ್ಟಂತೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದನೆಂಬ ಪ್ರತೀತಿಯಿದೆ.

ನನಗೆ ಬಂದರಿನ ಲೆಕ್ಕವೇ ಹೆಚ್ಚು ರುಚಿ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನೋಡಿ! ಹಿಂದೆ ರಂಪಣಿ ಬಲೆಯಿತ್ತು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದರೆ, ಹತ್ತಾರು ಜನ ದಡದಲ್ಲಿ ನಿಂತು ಎರಡು ತುದಿ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ಬಂದಷ್ಟೂ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟು ಬಂತು. ಮೀನು ದಡಕ್ಕೆ ಬರುವುದನ್ನು ಕಾಯದೆ ಕಡಲಲ್ಲೇ ಸುತ್ತುವರಿದು ಹಿಡಿದರು. ರಂಪಣಿ ಮೂಲೆ ಸೇರಿತು. ಪಾಲಿನ ಜಾಗಕ್ಕೆ ಸಾಲ ಬಂತು.

ಆಳಸಮುದ್ರದ ಬೋಟು ಹೊರಟರೆ ಹತ್ತು ದಿನವಾದರೂ ಆಯಿತು. ಡೀಸೆಲ್, ಐಸು, ಅಕ್ಕಿ, ಕುಡಿಯುವ ನೀರು, ಎಲ್ಲ ಖರ್ಚೂ ಮೊದಲು; ಮೀನು ಆಮೇಲೆ. ಎರಡು ತಿಂಗಳು ಬೋಟು ಕಟ್ಟಿಹಾಕಿದರೂ ಬಡ್ಡಿಗೆ ರಜೆಯಿಲ್ಲ. ಹಾಗಾಗಿಯೇ ಮರಿಮೀನನ್ನೂ ಬಿಡದೆ ಬಾಚುವ ಆಸೆ. ಮರಿಗೆ ಊಟದ ತಟ್ಟೆಯ ಬೆಲೆ ಸಿಗದು, ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಅವಧಿಗೆ ಮೊದಲೇ ಠೇವಣಿ ಮುರಿದಂತೆ ಇದು, ನನಗಂತೂ ಒಪ್ಪಿಗೆಯಿಲ್ಲ. ಆದರೆ ಕಂತು ಕಟ್ಟಬೇಕಾದವನ ಮುಂದೆ ನಿಂತು ಹೀಗೆ ಹೇಳುವುದು ಸುಲಭವಲ್ಲ.

ಅದೂ ಜೀವ ಪಣಕ್ಕಿಟ್ಟು ದುಡಿಯುವವನ ಮುಂದೆ. 2018ರ ಡಿಸೆಂಬರ್ 13ರಂದು ಇಲ್ಲಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಮರಳಲಿಲ್ಲ. ಉಡುಪಿಯ ಇಬ್ಬರು, ಉತ್ತರ ಕನ್ನಡದ ಐವರು ಅದರಲ್ಲಿದ್ದರು. ಮರುವರ್ಷ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ ಕಡಲಿನ ತಳದಲ್ಲಿ ನೌಕಾಪಡೆಯವರಿಗೆ ಅದರ ಅವಶೇಷ ಸಿಕ್ಕಿತು.

ಮಲ್ಪೆ ನೋಡುವ ಮನಸ್ಸಿದ್ದರೆ ಮಳೆ ಕಳೆದ ಮೇಲೆ ಹೋಗಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಬಂದರಿಗೆ ಬೆಳಗ್ಗೆ ಬೇಗ ಹೋದರೆ ಮೀನಿನ ಏಲಂ ಕಾಣಸಿಗುತ್ತದೆ. ಬುಟ್ಟಿ ಹೊತ್ತ ಹೆಂಗಸರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ಮೀನು ಐಸಿನಲ್ಲಿದ್ದರೂ ಅವರ ಗಿರಾಕಿ ಕಾಯುವುದಿಲ್ಲ.