ಪಾಕ್ಷಿಕ ಪ್ರತಿಕ್ರಮಣವೂ ತಂತ್ರಾಂಶದ ಕಂತುಗಳೂ

ನಮ್ಮ ಸಮಾಜದ ತರುಣರಲ್ಲಿ ಅನೇಕರು ಇಂದು ಅಂಗಡಿಯ ಗಾದಿಯನ್ನು ತೊರೆದು ಬೆಂಗಳೂರು, ಪುಣೆಗಳ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುತ್ತಿದ್ದಾರೆ. ರಜೆಗೆ ಮನೆಗೆ ಬಂದಾಗ ಅವರು ಆಡುವ ಮಾತಿನಲ್ಲಿ 'ಸ್ಪ್ರಿಂಟ್' ಎಂಬ ಶಬ್ದ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಓಟವೆಂಬುದು ಅದರ ಅರ್ಥವಾದರೂ ಅವರ ವೃತ್ತಿಯಲ್ಲಿ ಅದು ಸಾಮಾನ್ಯವಾಗಿ ಎರಡು ವಾರಗಳ ಒಂದು ಅವಧಿ. ಅವಧಿಯ ಕೊನೆಗೆ ಮಾಡಿ ಮುಗಿಸಿದಷ್ಟನ್ನು ಗ್ರಾಹಕನ ಎದುರಿಗೆ ನಡೆಸಿ ತೋರಿಸಬೇಕು. ಅನಂತರ ತಂಡದವರೆಲ್ಲ ಕೂಡಿ ಕುಳಿತು, ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ವಿಚಾರ ಮಾಡಬೇಕು. ಈ ಕೂಟಕ್ಕೆ 'ರೆಟ್ರೋಸ್ಪೆಕ್ಟಿವ್' ಎಂದು ಹೆಸರು. ಇದನ್ನು ಮೊದಲ ಬಾರಿ ಕೇಳಿದಾಗ, ಇವರು ಪಾಕ್ಷಿಕ ಪ್ರತಿಕ್ರಮಣಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದಾರೆಯೇ ಎಂದು ನಾನು ವಿನೋದಕ್ಕೆ ಕೇಳಿದ್ದುಂಟು.

ಮೂಲಾಚಾರವು ಪ್ರತಿಕ್ರಮಣವನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ: ದೈವಸಿಕ, ರಾತ್ರಿಕ, ಐರ್ಯಾಪಥಿಕ, ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ, ಉತ್ತಮಾರ್ಥ. ವರ್ಷಕ್ಕೊಮ್ಮೆ ಎಲ್ಲ ದೋಷಗಳನ್ನೂ ಒಟ್ಟಿಗೆ ನೆನೆದರೆ ಸಾಲದೇ, ಇಷ್ಟೊಂದು ಅವಧಿಗಳೇಕೆ ಎಂಬ ಸಂದೇಹ ಸಹಜವೇ. ವ್ಯಾಪಾರಿಗೆ ಇದರ ಉತ್ತರವನ್ನು ಹೇಳಿಕೊಡಬೇಕಾಗಿಲ್ಲ. ದಿನದ ರೋಜುಕೀರ್ದಿಯಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ಅಂದೇ ರಾತ್ರಿ ಅರ್ಧ ಗಂಟೆ ಹುಡುಕಿದರೆ ಸಿಕ್ಕೀತು. ಅದನ್ನೇ ದೀಪಾವಳಿಯ ತನಕ ಬಿಟ್ಟರೆ, ಹತ್ತು ರೂಪಾಯಿಯ ಮೇಲೆ ಬೇರೆ ನೂರು ತಪ್ಪುಗಳು ಕುಳಿತು, ಮೊದಲನೆಯದು ಯಾವುದೆಂಬುದೇ ತಿಳಿಯದಂತಾಗುತ್ತದೆ. ನೆನಪು ಹಸಿಯಾಗಿರುವಾಗಲೇ ದೋಷ ತನ್ನ ಕಾರಣವನ್ನೂ ತೋರಿಸುತ್ತದೆ.

ತಂತ್ರಾಂಶದ ವೃತ್ತಿಯವರು ಇದನ್ನು ಬಹಳ ಹಣ ತೆತ್ತು ಕಲಿತರು. ಮೊದಲು ಬೇಕುಬೇಡಗಳ ಪಟ್ಟಿ, ಆಮೇಲೆ ನಕ್ಷೆ, ಆಮೇಲೆ ರಚನೆ, ಎಲ್ಲ ಮುಗಿದ ಮೇಲೆ ಪರೀಕ್ಷೆ ಎಂಬ ಕ್ರಮಕ್ಕೆ 'ಜಲಪಾತ' ಪದ್ಧತಿಯೆಂದು ಹೆಸರು. ಇದರ ಜನಕರೆಂದು ವಿನ್‌ಸ್ಟನ್ ರಾಯ್ಸ್ ಅವರ 1970ರ ಲೇಖನವನ್ನು ತೋರಿಸುವುದು ವಾಡಿಕೆ. ಆದರೆ ಆ ಲೇಖನದಲ್ಲಿ 'ಜಲಪಾತ' ಎಂಬ ಮಾತೇ ಇಲ್ಲ. ಪರೀಕ್ಷೆಯನ್ನು ಕೊನೆಗೆ ಇಟ್ಟ ಈ ಕ್ರಮ ಅಪಾಯಕಾರಿ ಎಂದೇ ರಾಯ್ಸ್ ಎಚ್ಚರಿಸಿದ್ದರು. ಚಿತ್ರವನ್ನು ನೋಡಿ ಎಚ್ಚರಿಕೆಯನ್ನು ಓದದವರು ಎಲ್ಲ ಶಾಸ್ತ್ರಗಳಲ್ಲಿಯೂ ಇರುತ್ತಾರೆ.

ಇದರ ಪರಿಣಾಮಕ್ಕೆ ಅಮೆರಿಕದ ಎಫ್‌ಬಿಐ ಇಲಾಖೆಯ ಉದಾಹರಣೆ ಪ್ರಸಿದ್ಧವಾದುದು. ತನಿಖೆಯ ಕಡತಗಳನ್ನು ಗಣಕಯಂತ್ರಕ್ಕೆ ಏರಿಸುವ 'ವರ್ಚುವಲ್ ಕೇಸ್ ಫೈಲ್' ಎಂಬ ಕೆಲಸವನ್ನು ಅದು 2001ರಲ್ಲಿ ವಹಿಸಿಕೊಟ್ಟಿತು. ಬೇಕುಗಳ ಪಟ್ಟಿಯೇ ಎಂಟುನೂರು ಪುಟಗಳನ್ನು ಮೀರಿತ್ತು. 2003ರ ಡಿಸೆಂಬರಿನಲ್ಲಿ ಒಪ್ಪಿಸಿದ ಸರಕು ಬಳಕೆಗೆ ಬಾರದೆ, ಸುಮಾರು 17 ಕೋಟಿ ಡಾಲರುಗಳು ವ್ಯಯವಾದ ಮೇಲೆ, 2005ರಲ್ಲಿ ಅದನ್ನು ಕೈಬಿಟ್ಟರು. ಬಳಿಕ 2006ರಲ್ಲಿ 'ಸೆಂಟಿನೆಲ್' ಎಂಬ ಹೊಸ ಯೋಜನೆ ನಾಲ್ಕು ದೊಡ್ಡ ಹಂತಗಳಲ್ಲಿ ಆರಂಭವಾಯಿತು. 2010ರ ಹೊತ್ತಿಗೆ ಹಣದ ಬಹುಪಾಲು ಮುಗಿದಿದ್ದರೂ ಎರಡೇ ಹಂತಗಳು ಕೈಸೇರಿದ್ದವು. ಆಗ ಇಲಾಖೆ ಕೆಲಸವನ್ನು ತಾನೇ ವಹಿಸಿಕೊಂಡು, ತಂಡವನ್ನು ಚಿಕ್ಕದು ಮಾಡಿ, ಎರಡೆರಡು ವಾರಗಳ ಕಂತುಗಳಲ್ಲಿ ಮುಂದುವರಿಸಿತು. 2012ರ ಜುಲೈ 1ರಂದು ಅದು ನೌಕರರೆಲ್ಲರ ಬಳಕೆಗೆ ಬಂದಿತು.

ಇಷ್ಟರಿಂದಲೇ ಕಂತಿನ ಪದ್ಧತಿ ಸರ್ವದೋಷಹರವೆಂದು ನಾನು ಒಪ್ಪಲಾರೆ. 'ಮುಂದಿನ ಕಂತಿನಲ್ಲಿ ಸರಿಪಡಿಸೋಣ' ಎಂಬ ಮಾತು ಆಲಸ್ಯಕ್ಕೂ ರಹದಾರಿಯಾಗಬಲ್ಲದು. ಷಡಾವಶ್ಯಕಗಳಲ್ಲಿ ಪ್ರತಿಕ್ರಮಣದೊಡನೆ ಪ್ರತ್ಯಾಖ್ಯಾನವೂ ಇದೆಯಷ್ಟೆ. ಒಂದು ಕಳೆದ ದೋಷಕ್ಕೆ, ಇನ್ನೊಂದು ಬರಲಿರುವ ದೋಷಕ್ಕೆ. ಒಳ್ಳೆಯ ತಂಡಗಳು ದೋಷವೊಂದು ಸಿಕ್ಕಾಗ ಅದನ್ನು ತಿದ್ದಿ ಸುಮ್ಮನಾಗುವುದಿಲ್ಲ. ಅದೇ ದೋಷ ಮರುಕಳಿಸಿದರೆ ಹಿಡಿಯುವಂಥ ಒಂದು ಪರೀಕ್ಷೆಯನ್ನು ಬರೆದಿಡುತ್ತವೆ. ಮುಂದೆ ಪ್ರತಿ ಬದಲಾವಣೆಯ ವೇಳೆಯಲ್ಲಿಯೂ ಆ ಪರೀಕ್ಷೆ ತಾನಾಗಿ ನಡೆಯುತ್ತದೆ. ಇದು ನನಗೆ ಬಹಳ ಹಿಡಿಸಿತು. ವರ್ಷವರ್ಷವೂ ಕ್ಷಮಾವಾಣಿಯ ಅದೇ ಪತ್ರವನ್ನು, ಅದೇ ತಪ್ಪಿಗಾಗಿ, ಅದೇ ಬಂಧುವಿಗೆ ಕಳುಹಿಸುವವರು ನಮ್ಮಲ್ಲಿ ಇಲ್ಲವೆನ್ನಲಾದೀತೇ?

ಇನ್ನು ಆಲೋಚನೆಯ ವಿಚಾರ. ಗುರುವಿನ ಮುಂದೆ ತಪ್ಪನ್ನು ನಿವೇದಿಸಿಕೊಳ್ಳುವಲ್ಲಿ ಉಂಟಾಗುವ ಹತ್ತು ದೋಷಗಳನ್ನು ನಮ್ಮ ಆಚಾರ್ಯರು ಎಣಿಸಿದ್ದಾರೆ. ತಪ್ಪಿನ ದೋಷಗಳಲ್ಲ, ತಪ್ಪೊಪ್ಪಿಗೆಯ ದೋಷಗಳು! ಅನ್ಯರ ಕಣ್ಣಿಗೆ ಬಿದ್ದುದನ್ನಷ್ಟೇ ಹೇಳುವುದು 'ದೃಷ್ಟ'. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು 'ಸೂಕ್ಷ್ಮ'. ಗದ್ದಲದ ನಡುವೆ, ಗುರುವಿಗೆ ಸರಿಯಾಗಿ ಕೇಳಿಸದಂತೆ ಹೇಳುವುದು 'ಶಬ್ದಾಕುಲಿತ'. ಅದೇ ದೋಷವುಳ್ಳವನ ಬಳಿಯೇ ನಿವೇದಿಸುವುದು 'ತತ್ಸೇವಿ'. ಗ್ರಾಹಕನು ಹಿಡಿದ ತಪ್ಪನ್ನು ಮಾತ್ರ ತಿದ್ದುವ ಸಂಸ್ಥೆಯನ್ನು ನಾವೆಲ್ಲ ಬಲ್ಲೆವು. ಮುಖ್ಯ ದೋಷವನ್ನು ನಲವತ್ತು ಪುಟಗಳ ವರದಿಯಲ್ಲಿ ಮೂವತ್ತೇಳನೆಯ ಪುಟಕ್ಕೆ ಸೇರಿಸಿ, 'ತಿಳಿಸಿದ್ದೆವಲ್ಲ' ಎನ್ನುವುದು ಶಬ್ದಾಕುಲಿತವಲ್ಲದೆ ಮತ್ತೇನು? ತತ್ತ್ವಾರ್ಥಸೂತ್ರ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಹೇಳಿರುವುದನ್ನೂ ಇಲ್ಲಿ ನೆನೆಯಬಹುದು.

ನಮ್ಮದು ಪಾತ್ರೆಗಳ ಸಗಟು ವ್ಯಾಪಾರ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ಹಳೆಯ ಲೆಕ್ಕದ ಕ್ರಮ ಸಾಲದಾಗಿ, ಒಂದು ಚಿಕ್ಕ ಸಂಸ್ಥೆಗೆ ನಮ್ಮ ಅಂಗಡಿಗೆ ತಕ್ಕ ತಂತ್ರಾಂಶವನ್ನು ರಚಿಸಲು ಹೇಳಿದೆವು. ಮೊದಲ ಕಂತಿನಲ್ಲಿ ಬಿಲ್ಲುಗಳು, ಎರಡನೆಯದರಲ್ಲಿ ದಾಸ್ತಾನು, ಮೂರನೆಯದರಲ್ಲಿ ಮಾಲು ಹಿಂದಿರುಗಿದಾಗ ಕೊಡುವ ಜಮಾ ಚೀಟಿ. ಮೂರನೆಯದು ಬಂದು ಐದು ವಾರಗಳಾಗಿದ್ದವು. ಅದನ್ನು ಬರೆದ ಹುಡುಗ ಒಂದು ಮಧ್ಯಾಹ್ನ ತಾನಾಗಿಯೇ ಅಂಗಡಿಗೆ ಬಂದು, ನಿಂತುಕೊಂಡೇ ವಿಷಯ ಹೇಳಿದ. ಸಾವಿರ ರೂಪಾಯಿಯ ಮಾಲನ್ನು ಶೇಕಡಾ 10 ರಿಯಾಯಿತಿಯಲ್ಲಿ 900ಕ್ಕೆ ಮಾರಿದ್ದರೆ, ಹಿಂದಿರುಗಿದಾಗ 900 ಜಮಾ ಆಗಬೇಕು. ಅವನ ಕ್ರಮವಿಧಿ ರಿಯಾಯಿತಿಯನ್ನು ಮತ್ತೊಮ್ಮೆ ಕಳೆದು 810 ಮಾತ್ರ ಜಮಾ ಮಾಡುತ್ತಿತ್ತು. ತೊಂಬತ್ತು ರೂಪಾಯಿ ನಮ್ಮಲ್ಲಿಯೇ ಉಳಿಯುತ್ತಿತ್ತು. ಹಳ್ಳಿಯ ಚಿಲ್ಲರೆ ಅಂಗಡಿಯವರು ಬಿಲ್ಲನ್ನು ನೋಡುತ್ತಾರೆ, ಜಮಾ ಚೀಟಿಯನ್ನು ಯಾರು ನೋಡುತ್ತಾರೆ? ಒಬ್ಬರೂ ಕೇಳಿರಲಿಲ್ಲ. ಮುಂದಿನ ಕಂತಿನಲ್ಲಿ ಸದ್ದಿಲ್ಲದೆ ತಿದ್ದಿಬಿಡು ಎಂದು ಅವನ ಮೇಲಿನವರು ಹೇಳಿದ್ದರಂತೆ. 'ಚೀಟಿಗಳು ಆಗಲೇ ಜನರ ಕೈಗೆ ಹೋಗಿವೆಯಲ್ಲ ಸರ್, ತಿದ್ದಿದರೆ ಅವು ತಿದ್ದುವುದಿಲ್ಲ' ಎಂದ.

ಆ ಹುಡುಗ ಜೈನನಲ್ಲ. ಆಲೋಚನೆಯ ಹತ್ತು ದೋಷಗಳ ಹೆಸರನ್ನೂ ಕೇಳಿದವನಲ್ಲ. ಅಂದು ಅವನಿಗೆ ಕೆಲಸದ ಭಯವಿತ್ತೆಂಬುದು ಮುಖದಲ್ಲಿಯೇ ಕಾಣುತ್ತಿತ್ತು. ಅವನ ಸಂಸ್ಥೆಗೆ ನಾವು ಕೊಡಬೇಕಾಗಿದ್ದ ಹಣವನ್ನು ತಡೆಯಲಿಲ್ಲ. ತಾನಾಗಿ ಹೇಳಿದವನಿಗೆ ದಂಡ ಹಾಕಿದರೆ ಮುಂದೆ ಯಾರು ಹೇಳುತ್ತಾರೆ? ಮಕ್ಕಳಿಗೆ ಇದು ಹೆಚ್ಚಿನ ಔದಾರ್ಯವೆನಿಸಿತು, ನನಗೆ ಲೆಕ್ಕಾಚಾರವೆನಿಸಿತು.

ಐದು ವಾರಗಳ ಚೀಟಿಗಳಾದ್ದರಿಂದ ಎಲ್ಲವನ್ನೂ ತೆಗೆದು ನೋಡಲು ಸಾಧ್ಯವಾಯಿತು. ವರ್ಷದ ಕೊನೆಗೆ ಎಲ್ಲ ಒಟ್ಟಾಗಿ ಬಂದಿದ್ದರೆ ಆ ವ್ಯತ್ಯಾಸ ಲಾಭದೊಳಗೆ ಕರಗಿಹೋಗುತ್ತಿತ್ತು. ಚಿಲ್ಲರೆ ವ್ಯಾಪಾರಿಗಳಿಗೆ ಕಾಗದ ಬರೆದು, ತೆರಿಗೆಯ ಲೆಕ್ಕವನ್ನೂ ತಿದ್ದಿ, ಬಾಕಿ ಜಮಾ ಮಾಡಿ ಮುಗಿಸುವಲ್ಲಿ ಎರಡು ತಿಂಗಳಾದವು. ಇಬ್ಬರು ಅಷ್ಟರಲ್ಲಿ ಅಂಗಡಿ ಮುಚ್ಚಿ ಊರು ಬಿಟ್ಟಿದ್ದರು. ಅವರ ಹೆಸರಿನ ಬಾಕಿ ನಮ್ಮ ಖಾತೆಯಲ್ಲಿ ಬೇರೆಯಾಗಿಯೇ ಇದೆ. ಪ್ರತಿ ದೀಪಾವಳಿಗೂ ಹೊಸ ಪುಸ್ತಕಕ್ಕೆ ಅದನ್ನು ಮುಂದಕ್ಕೆ ತರುತ್ತೇವೆ.