ಜ್ವರ ಬಿಟ್ಟ ಮೇಲಿನ ಗುಳಿಗೆ

ಮಲೇರಿಯಾದಲ್ಲಿ ಕಷ್ಟದ ಕೆಲಸ ಶುರುವಾಗೋದೇ ಜ್ವರ ಬಿಟ್ಟ ಮೇಲೆ. ಇದು ನನಗೆ ಅರ್ಥವಾಗಿದ್ದು ಅಪ್ಪನಿಗೆ ಬಂದಾಗ.

ನಮ್ಮದು ಕಾಲುವೆ ಕೆಳಗಿನ ಊರು, ಸೊಳ್ಳೆಗೆ ಬರವಿಲ್ಲ. ಆಶಾ ಕಾರ್ಯಕರ್ತೆ ಮನೆಗೇ ಬಂದು ಅಪ್ಪನ ಬೆರಳು ಚುಚ್ಚಿ, ಒಂದು ಹನಿ ರಕ್ತ ಕಿಟ್ ಮೇಲೆ ಹಾಕಿದರು. ಸ್ವಲ್ಪ ಹೊತ್ತಿಗೆ ಗೆರೆ ಮೂಡಿತು: ವೈವಾಕ್ಸ್. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಪುಕ್ಕಟೆ ಸಿಕ್ಕಿದ್ದು 3 ದಿನದ ಕ್ಲೋರೋಕ್ವಿನ್, 14 ದಿನದ ಪ್ರೈಮಾಕ್ವಿನ್.

ನಾಲ್ಕನೇ ದಿನ ಅಪ್ಪ ಹೊಲಕ್ಕೆ ಹೊರಟರು. ಫೋನಿನಲ್ಲಿ ನನ್ನ ಜೊತೆ ವಾದ: "ಜ್ವರಾನ ಇಲ್ಲ, ಇನ್ನ ಗುಳಿಗಿ ಯಾಕಪಾ?" ನಾನು ಬೆಂಗಳೂರಿನಿಂದ ಹೇಳಿದ್ದು ತಲೆಗೆ ಹೋಗಲಿಲ್ಲ. ಆಶಾ ಹೇಳಿದ್ದು ಹೋಯಿತು: "ಕಾಕಾ, ಕರಕಿ ಮ್ಯಾಲ ಕಿತ್ರ ಸಾಕೇನ್ರಿ? ಬೇರು ಲಿವರ್‌ನ್ಯಾಗ ಐತಿ."

ಮಾತು ನಿಜ. ಕ್ಲೋರೋಕ್ವಿನ್ ರಕ್ತದಲ್ಲಿರೋ ರೋಗಾಣುವನ್ನು ಕೊಲ್ಲುತ್ತೆ, ಲಿವರಿನಲ್ಲಿ ಮಲಗಿರೋದನ್ನಲ್ಲ. ಅದು ತಿಂಗಳುಗಟ್ಟಲೆ ಬಿಟ್ಟು ಎದ್ದರೆ ಸೊಳ್ಳೆ ಕಚ್ಚದೆಯೂ ಜ್ವರ ಮರಳುತ್ತೆ. ಪ್ರೈಮಾಕ್ವಿನ್ ಬೇಕಾಗೋದು ಅದಕ್ಕೇ. ಗರ್ಭಿಣಿಯರಿಗೆ ಅದನ್ನು ಕೊಡೋ ಹಾಗಿಲ್ಲ. ಜಿ6ಪಿಡಿ ಕಿಣ್ವದ ಕೊರತೆ ಇದ್ದವರಲ್ಲಿ ರಕ್ತಕಣ ಒಡೆಯಬಹುದು. ಮೂತ್ರ ಕಪ್ಪಾದರೆ ಗುಳಿಗೆ ನಿಲ್ಲಿಸಿ ತಕ್ಷಣ ಬನ್ನಿ ಅಂತಲೂ ಆಕೆ ಎಚ್ಚರಿಸಿದ್ದರು.

ನಮ್ಮ ಆಫೀಸಿನಲ್ಲಿ ಟಿಕೆಟ್ ಬೇಗ ಕ್ಲೋಸ್ ಮಾಡಿದವನೇ ಜಾಣ. ಆಕೆ 14ನೇ ದಿನದ ತನಕ ಕ್ಲೋಸ್ ಮಾಡಲಿಲ್ಲ. ದಿನಾ ಬಂದು, "ಉಂಡೀರೇನ್ರಿ?" ಅಂತ ಕೇಳಿ, ಕಣ್ಣೆದುರೇ ನುಂಗಿಸಿ ಹೋದರು. ಅಪ್ಪನಿಗೆ ಆ ಜ್ವರ ಮತ್ತೆ ಬಂದಿಲ್ಲ. ಇಷ್ಟು ಮಾಡೋ ಆಶಾಗಳಿಗೆ ನಾವು ಕೊಡೋದು ಸಂಬಳ ಅಲ್ಲ, ಗೌರವಧನ.