ಹಡಗಿಳಿದವರು

ಕಾರಣವಿಲ್ಲದೆ ಪ್ರಯಾಣ ಮಾಡುವುದು ನಮ್ಮ ಪೈಕಿಯ ಗೃಹಸ್ಥರಿಗೆ ಒಗ್ಗಿದ ವಿದ್ಯೆಯಲ್ಲ. ಕ್ಷೇತ್ರದರ್ಶನ, ಮದುವೆ ಮುಂಜಿ, ಕೋರ್ಟಿನ ವಾಯಿದೆ, ಮಗಳ ಬಾಣಂತನ, ಕಡೆಗೆ ಅಸ್ಥಿವಿಸರ್ಜನೆ, ಇವುಗಳಲ್ಲಿ ಯಾವುದಾದರೊಂದರ ನೆಪವಿಲ್ಲದೆ ಪೆಟ್ಟಿಗೆ ಕಟ್ಟುವವನನ್ನು ನೆರೆಹೊರೆಯವರು ಅನುಮಾನದಿಂದಲೇ ನೋಡುತ್ತಾರೆ. ಅವರು ನೋಡದಿದ್ದರೂ ಅವನೇ ತನ್ನನ್ನು ಹಾಗೆ ನೋಡಿಕೊಳ್ಳುತ್ತಾನೆ. ಆದುದರಿಂದ, ಟೊರಾಂಟೊದಲ್ಲಿರುವ ಮಗಳ ಮನೆಯಲ್ಲಿ ಚಳಿಗಾಲವನ್ನು ಕಿಟಕಿಯ ಗಾಜಿನ ಈಚೆಯಿಂದಲೇ ದರ್ಶಿಸಿಕೊಂಡು ಕುಳಿತಿದ್ದ ನಮ್ಮಿಬ್ಬರನ್ನು, "ಅಪ್ಪಾ, ಅಮ್ಮನ್ನ ಕರಕೊಂಡು ಸ್ವಲ್ಪ ಬಿಸಿಲು ಕಂಡು ಬನ್ನಿ" ಎಂದು ಆಕೆ ಕೆರಿಬಿಯನ್ ದ್ವೀಪಗಳ ಕಡೆಗೆ ಸಾಗಹಾಕಿದಾಗ, ಆ ಸೀಮೆಯಲ್ಲಿ ನಮಗೆ ನೆಂಟರಾಗಲಿ, ದೇವಸ್ಥಾನವಾಗಲಿ, ವ್ಯವಹಾರವಾಗಲಿ ಇಲ್ಲವಲ್ಲ ಎಂಬ ಚಿಂತೆ ನನ್ನನ್ನು ವಿಮಾನದಲ್ಲಿ ಬಹಳ ಹೊತ್ತು ಬಾಧಿಸಿತು. ನನ್ನ ಪತ್ನಿಗೆ ಆ ಬಾಧೆ ತಟ್ಟಲಿಲ್ಲ. ಆಕೆಯ ತವರು ಪುತ್ತೂರು. ಮೈಸೂರಿನಲ್ಲಿ ಸಂಸಾರ ಮಾಡಿ ಮುಪ್ಪಾದರೂ ಮಾತು ಇನ್ನೂ ಪುತ್ತೂರಿನದೇ. "ಕೆಲಸ ಇಲ್ಲ ಅಂತಲೇ ಅಲ್ವಾ ಹೊರಟದ್ದು? ಮತ್ತೆ ಕೆಲಸ ಯಾಕೆ ಹುಡುಕುವುದು ನೀವು?" ಎಂದು ಕೇಳಿ ನಿದ್ದೆಹೋದಳು.

ಆ ಸಮುದ್ರದ ಆಗ್ನೇಯ ಭಾಗದಲ್ಲಿ, ಸೇಂಟ್ ವಿನ್ಸೆಂಟಿಗೂ ಗ್ರೆನಡಾಕ್ಕೂ ನಡುವೆ, ಗ್ರೆನಡೀನ್ಸ್ ಎಂಬ ಸಣ್ಣ ದ್ವೀಪಗಳ ಸಾಲೊಂದು ಚದರಿ ಬಿದ್ದಿದೆ. ಒಂದರ ಗುಡ್ಡವನ್ನೇರಿ ನಿಂತರೆ ಮುಂದಿನದು ಕಾಣುತ್ತದೆ; ಅಲ್ಲಿಗೆ ಹೋಗಿ ನಿಂತರೆ ಅದರ ಮುಂದಿನದು. ಸ್ವಂತ ಹಾಯಿದೋಣಿಯುಳ್ಳ ಸಿರಿವಂತರು ಈ ಸಾಲನ್ನು ವಾಣಿಜ್ಯಮಾರುತದ ಕೃಪೆಯಿಂದ ಇಳಿಯುತ್ತಾರೆ. ನಾವಾದರೋ ಸಿಮೆಂಟಿನ ಮೂಟೆ, ಗ್ಯಾಸ್ ಸಿಲಿಂಡರು, ಮೊಟ್ಟೆಯ ಅಟ್ಟಣೆ ಮತ್ತು ಕೊರಳಿಗೆ ಹಗ್ಗ ಬಿಗಿಸಿಕೊಂಡ ಒಂದೆರಡು ಮೇಕೆಗಳ ಸಹವಾಸದಲ್ಲಿ, ಊರಿನವರು ಹತ್ತುವ ಫೆರ್ರಿಯನ್ನೇ ಹತ್ತಿ, ಅದು ಹೊರಟಾಗ ಹೊರಟು, ನಿಂತಾಗ ಇಳಿದೆವು.

ಸೇಂಟ್ ವಿನ್ಸೆಂಟಿನ ರಾಜಧಾನಿಯಾದ ಕಿಂಗ್ಸ್‌ಟೌನಿನಲ್ಲಿ 1765ರಲ್ಲಿ ಸ್ಥಾಪಿತವಾದ ಸಸ್ಯೋದ್ಯಾನವೊಂದಿದೆ. ಪಶ್ಚಿಮ ಗೋಲಾರ್ಧದಲ್ಲಿ ಅದಕ್ಕಿಂತ ಹಳೆಯದಿಲ್ಲವೆಂದು ಅಲ್ಲಿಯವರ ಹೆಮ್ಮೆ. ಬೆಳಗಿನ ಬಿಸಿಲಿನಲ್ಲಿ ಅದರೊಳಗೆ ಅಡ್ಡಾಡುತ್ತಿದ್ದಾಗ, ಬೇಲಿಯೊಳಗೆ ರಾಜಮರ್ಯಾದೆಯಿಂದ ನಿಂತಿದ್ದ ಒಂದು ಮರದ ಮುಂದೆ ನನ್ನ ಪತ್ನಿ ಗಕ್ಕನೆ ನಿಂತಳು. ಅಂಗೈ ಬಿಚ್ಚಿದಂಥ ಸೀಳೆಲೆಗಳು, ಅವುಗಳ ನಡುವೆ ಒರಟು ಮೈಯ ದುಂಡು ಹಸುರು ಕಾಯಿಗಳು. "ಇದು ನಮ್ಮ ಜೀಗುಜ್ಜೆ ಅಲ್ವಾ ಮಾರಾಯ್ರೆ!" ಎಂದಳು. ಜೀಗುಜ್ಜೆಯೇ. ಅವಳ ತವರಿನ ಹಿತ್ತಲಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆದು, ಹುಳಿಗೂ ಪಲ್ಯಕ್ಕೂ ಮಳೆಗಾಲದ ಸಂಜೆಯ ಪೋಡಿಗೂ ಒದಗುವ ಆ ಕಾಯಿಗೆ, ಇಲ್ಲಿ ಫಲಕವೂ ಇತಿಹಾಸವೂ ಇದ್ದವು.

ಆ ಇತಿಹಾಸ ಸಾಮಾನ್ಯವಾದುದಲ್ಲ. ಕಬ್ಬಿನ ತೋಟಗಳ ಗುಲಾಮರಿಗೆ ಅಗ್ಗದ ಆಹಾರ ಬೇಕೆಂದು ತೋಟದ ದೊರೆಗಳು ಹಂಬಲಿಸಿದುದರಿಂದ, ಪೆಸಿಫಿಕ್ ಸಾಗರದ ತಹೀತಿಯಿಂದ ಜೀಗುಜ್ಜೆಯ ಸಸಿಗಳನ್ನು ತರಲು ವಿಲಿಯಂ ಬ್ಲೈ ಎಂಬ ನಾವಿಕನನ್ನು 'ಬೌಂಟಿ' ಎಂಬ ಹಡಗಿನಲ್ಲಿ ಕಳುಹಿಸಲಾಯಿತು. 1789ರ ಏಪ್ರಿಲಿನಲ್ಲಿ ಆ ಹಡಗಿನ ನಾವಿಕರು ದಂಗೆಯೆದ್ದು, ಕ್ಯಾಪ್ಟನನನ್ನು ಹದಿನೆಂಟು ಮಂದಿಯೊಡನೆ ತೆರೆದ ದೋಣಿಯೊಂದಕ್ಕಿಳಿಸಿ, ಸಸಿಗಳನ್ನೆಲ್ಲ ಸಮುದ್ರಕ್ಕೆಸೆದುಬಿಟ್ಟರು. ಆ ಮನುಷ್ಯ ದೋಣಿಯಲ್ಲೇ ಸಾವಿರಾರು ಮೈಲಿ ಕ್ರಮಿಸಿ ಟೀಮೋರ್ ದ್ವೀಪವನ್ನು ಸೇರಿ ಬದುಕಿದುದು ಒಂದು ಸೋಜಿಗವಾದರೆ, ಬದುಕಿ ಊರು ಸೇರಿದವನು ಅದೇ ಸಸಿಗಳಿಗಾಗಿ ಮತ್ತೊಮ್ಮೆ ಹೊರಟು, 1793ರ ಜನವರಿಯಲ್ಲಿ 'ಪ್ರಾವಿಡೆನ್ಸ್' ಹಡಗಿನಿಂದ ಅವುಗಳನ್ನು ಇದೇ ಕಿಂಗ್ಸ್‌ಟೌನಿನಲ್ಲಿ ಇಳಿಸಿದುದು ಅದಕ್ಕಿಂತ ದೊಡ್ಡ ಸೋಜಿಗ. ನಾವು ಕಂಡ ಮರ ಆ ಸಸಿಗಳ ಸಂತಾನವೆಂದು ಅಲ್ಲಿ ಹೇಳುತ್ತಾರೆ. ಇಷ್ಟೆಲ್ಲ ಪಡಿಪಾಟಲಿನ ಬಳಿಕ ಬಂದ ಕಾಯನ್ನು ಗುಲಾಮರು ಮೊದಮೊದಲು ಬಾಯಿಗಿಡಲೊಲ್ಲದೆ ಬಾಳೆಯೇ ಸಾಕೆಂದರಂತೆ. ದೊರೆಗಳ ಲೆಕ್ಕಾಚಾರಕ್ಕೆ ಅನ್ಯರ ನಾಲಗೆ ಮಾಡಿದ ಈ ಅವಮಾನವನ್ನು ಕೇಳಿ ನನ್ನ ಪತ್ನಿಗೆ ಪರಮ ಸಂತೋಷವಾಯಿತು. ಈಗ ಕೆಂಡದ ಮೇಲೆ ಇಡಿಯಾಗಿ ಸುಟ್ಟ ಜೀಗುಜ್ಜೆಯೂ ಕರಿದ ಮೀನೂ ಆ ದೇಶದ ರಾಷ್ಟ್ರೀಯ ಭೋಜನ.

ಬಂದವರ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. 1838ರಲ್ಲಿ ಗುಲಾಮಗಿರಿ ಪೂರ್ಣವಾಗಿ ತೊಲಗಿ ತೋಟಗಳಿಗೆ ಆಳುಗಳ ಕೊರತೆಯಾದಾಗ ದೊರೆಗಳ ದೃಷ್ಟಿ ನಮ್ಮ ಕಡೆಗೆ ತಿರುಗಿತು. 1861ರ ಜೂನ್ 1ರಂದು 'ಟ್ರಾವಂಕೂರ್' ಎಂಬ ಹಡಗು ಕರಾರಿನ ಕೂಲಿಗಳಾಗಿ ಸುಮಾರು 260 ಮಂದಿಯನ್ನು ಮದ್ರಾಸಿನಿಂದ ತಂದು ಈ ದ್ವೀಪದಲ್ಲಿ ಇಳಿಸಿತು. ಆಗ ಬಳ್ಳಾರಿಯೂ ಮಂಗಳೂರೂ ಮದ್ರಾಸಿನ ಆಡಳಿತದೊಳಗೇ ಇದ್ದವು. ಆ ಇನ್ನೂರರವತ್ತು ಜನರೊಳಗೆ ಯಾವ ಊರಿನವರು ಯಾರಿದ್ದರೋ. ನನ್ನಾಕೆ ಮಾತ್ರ, ಅವರಲ್ಲಿ ಒಬ್ಬ ಹೆಂಗಸಾದರೂ ಈ ಮರವನ್ನು ಕಂಡು ತನ್ನಂತೆಯೇ ಕೂಗಿದ್ದಿರಬೇಕೆಂದು ತೀರ್ಮಾನಿಸಿ, ಆ ತೀರ್ಮಾನವನ್ನು ಪ್ರಯಾಣದ ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಬೆಕ್ವೇ ದ್ವೀಪಕ್ಕೆ ಅಲ್ಲಿಂದ ಒಂದು ಗಂಟೆಯ ಹಾದಿ. ದಾರಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ಒಬ್ಬ ವೃದ್ಧರು ನಾವು ಇಂಡಿಯಾದವರೆಂದು ತಿಳಿದೊಡನೆ, ಮಾತಿಗೆ ಬದಲಾಗಿ ಹೆಗಲ ಮೇಲಿನ ಟವೆಲನ್ನು ತೆಗೆದು, ಗಲ್ಲದ ಕೆಳಗಿನಿಂದ ನೆತ್ತಿಯವರೆಗೆ ಬಿಗಿಯಾಗಿ ಸುತ್ತಿ, ಕೂತಲ್ಲಿಂದಲೇ ಮಣಿಕಟ್ಟನ್ನು ತಿರುಗಿಸಿ ಒಂದು ಅದೃಶ್ಯವಾದ ಚೆಂಡನ್ನು ಮೇಕೆಗಳ ಕಡೆಗೆ ಎಸೆದರು. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡೇ ಬೌಲಿಂಗಿಗೆ ಇಳಿದು ಲಾರಾನನ್ನು ಔಟ್ ಮಾಡಿದ ನಮ್ಮ ಅನಿಲ್ ಕುಂಬ್ಳೆಯನ್ನು ಅಷ್ಟು ಸಂಕ್ಷೇಪವಾಗಿ, ಅಷ್ಟು ಗೌರವದಿಂದ ಯಾರೂ ಸ್ಮರಿಸಿದ್ದನ್ನು ನಾನು ಕಂಡಿಲ್ಲ. ನಾವೂ ಅದೇ ಸೀಮೆಯವರೆಂದು ತಿಳಿಸಿದ ಮೇಲೆ, ನನ್ನ ಪೆಟ್ಟಿಗೆಯನ್ನು ದಡದವರೆಗೆ ಅವರೇ ಹೊತ್ತರು. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ.

ಬೆಕ್ವೇಯಲ್ಲಿ ನದಿಯಿಲ್ಲ. ಮಳೆನೀರನ್ನು ಮಾಡಿನಿಂದ ತೊಟ್ಟಿಗೆ ಹಿಡಿದು ವರ್ಷವಿಡೀ ಬಳಸಬೇಕು. ಸ್ನಾನದ ಮನೆಯ ಗೋಡೆಯ ಮೇಲೆ ನೀರನ್ನು ಮಿತವಾಗಿ ಬಳಸಿರೆಂದು ಬರೆದಿದ್ದುದನ್ನೋದಿ, ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುವ ನನ್ನ ಅಭ್ಯಾಸದ ಮೇಲೆ ಬಹುಕಾಲದ ವ್ಯಾಜ್ಯವನ್ನು ಹೂಡಿದ್ದವಳಿಗೆ ಪರದೇಶದ ನ್ಯಾಯಾಲಯವೊಂದು ತೀರ್ಪಿತ್ತಂತಾಯಿತು. ಉಳಿದಂತೆ ನಾವು ಅಲ್ಲಿ ಮಾಡಿದುದು ಏನೂ ಇಲ್ಲ. ಬೆಳಗ್ಗೆ ಕಡಲತೀರದ ಕಾಲುದಾರಿಯಲ್ಲಿ ನಡೆದು ಹೋಗುವುದು, ಮರದಲ್ಲಿ ಆಟದ ನೌಕೆಗಳನ್ನು ಕೆತ್ತುವವನ ಎದುರು ನಿಂತು ಅವನು ಉಜ್ಜುಗಾಗದ ತುಂಡಿನಿಂದ ಒಂದೇ ಬದಿಯನ್ನು ಮತ್ತೆ ಮತ್ತೆ ನೇವರಿಸುವುದನ್ನು ನೋಡುವುದು, ಹೊತ್ತೇರಿದಾಗ ನೀರಿಗಿಳಿಯುವುದು. ಈ ದ್ವೀಪದವರಿಗೆ ವರ್ಷಕ್ಕೆ ನಾಲ್ಕನ್ನು ಮೀರದಂತೆ ತಿಮಿಂಗಿಲಗಳನ್ನು, ಅದೂ ಕೈಯಿಂದೆಸೆವ ಈಟಿಯಿಂದ, ಬೇಟೆಯಾಡಲು ಅಂತಾರಾಷ್ಟ್ರೀಯ ಆಯೋಗದ ಅಪ್ಪಣೆಯಿದೆ ಎಂಬುದನ್ನು ಮಾತ್ರ ನಾನು ಮನೆಯವಳಿಗೆ ದ್ವೀಪ ದಾಟಿದ ಮೇಲೆಯೇ ತಿಳಿಸಿದೆ.

ಇಲ್ಲಿಯ ಪೂರ್ವದ ಗುಡ್ಡದಿಂದ ನೋಡಿದರೆ ಬ್ಯಾಲಿಸೋ ಎಂಬ ಬರಡು ನಡುಗಡ್ಡೆ ಕಾಣುತ್ತದೆ. ಆದಿವಾಸಿ ಕಾರಿಬರಿಗೂ ಆಫ್ರಿಕದಿಂದ ಬಂದವರಿಗೂ ಹುಟ್ಟಿದ ಗರಿಫುನಾ ಜನಾಂಗದವರು 1796ರಲ್ಲಿ ಆಂಗ್ಲರಿಗೆ ಸೋತ ಮೇಲೆ, ಅವರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕವರನ್ನು ಆ ಬಂಡೆಯ ಮೇಲೆ ಕೂಡಿಹಾಕಲಾಯಿತು. ಕೆಲವೇ ತಿಂಗಳುಗಳಲ್ಲಿ ಅರ್ಧದಷ್ಟು ಮಂದಿ ಸತ್ತರು. ಬದುಕಿದವರನ್ನು ಮರುವರ್ಷ ಹಡಗುಗಳಲ್ಲಿ ತುಂಬಿ ಹೊಂಡುರಾಸಿನ ತೀರದ ರೋಆಟಾನ್ ದ್ವೀಪದಲ್ಲಿ ಬಿಟ್ಟುಬಂದರು. ಇಲ್ಲಿ ಮೊದಲಿನಿಂದ ಇದ್ದವರು ಹೊರಟುಹೋಗಬೇಕಾಯಿತು. ಇರುವುದೆಲ್ಲವೂ ಹೊರಗಿನಿಂದ ಬಂದುದು, ಕಬ್ಬು, ಮಾವು, ಜೀಗುಜ್ಜೆ, ಮೇಕೆ, ಮನುಷ್ಯ. ಹಾಗೆ ಬಂದವರೆಲ್ಲರನ್ನೂ ಯಾರೋ ಯಾವುದೋ ಪ್ರಯೋಜನಕ್ಕಾಗಿ ತಂದಿದ್ದರು.

ಮಸ್ಟೀಕ್ ಮತ್ತು ಕನೋವಾನ್ ದ್ವೀಪಗಳನ್ನು ದೂರದಿಂದಲೇ ಕಂಡೆವು. ಮೊದಲನೆಯದರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಮಾರ್ಗರೆಟ್ಟಳಿಗೆ ಮದುವೆಯ ಉಡುಗೊರೆಯಾಗಿ ನಿವೇಶನ ದೊರೆತಿತ್ತು, ನಮ್ಮ ಮದುವೆಯಲ್ಲಿ ದೊರೆತುದು ಬಹುತೇಕ ಸ್ಟೀಲಿನ ಡಬರಿಗಳು. ಟೊಬೇಗೊ ಕೀಸ್ ಎಂಬಲ್ಲಿ ಹವಳದ ದಿಬ್ಬವೊಂದು ಅಟ್ಲಾಂಟಿಕ್ಕಿನ ಅಲೆಗಳನ್ನು ಹೊರಗೇ ತಡೆದು, ಒಳಗೆ ಎದೆಮಟ್ಟದ ನೀರನ್ನು ನಿಶ್ಚಲವಾಗಿ ಹಿಡಿದಿಟ್ಟಿದೆ. ಚೂಡಿದಾರಿನಲ್ಲೇ ನೀರಿಗಿಳಿದು ನನ್ನ ಕೈಯನ್ನು ಭದ್ರವಾಗಿ ಹಿಡಿದು ನಿಂತಿದ್ದ ನನ್ನ ಪತ್ನಿಯ ಕಾಲಿನಿಂದ ಎರಡು ಮೊಳ ದೂರದಲ್ಲಿ ದೊಡ್ಡದೊಂದು ಕಡಲಾಮೆ ತಳದ ಹುಲ್ಲನ್ನು ಮೇಯುತ್ತಿತ್ತು. ಎಡದಿಂದ ಒಂದು ಬಾಯಿ, ಬಲದಿಂದ ಒಂದು ಬಾಯಿ, ಬಾಯ ಪಕ್ಕದಿಂದ ಒಂದಿಷ್ಟು ಮರಳಿನ ಹೊಗೆ. ಬಳಿಕ ಅವಸರವಿಲ್ಲದೆ ಮೇಲೆದ್ದು, ನಮ್ಮ ನಡುವೆ ತಲೆಯೆತ್ತಿ, ಮುದುಕರು ನಿಟ್ಟುಸಿರಿಡುವ ಸದ್ದಿನಿಂದ ಒಂದು ಉಸಿರು ಬಿಟ್ಟು, ಮತ್ತೆ ಮೇವಿಗೆ ಇಳಿಯಿತು.

ಯೂನಿಯನ್ ದ್ವೀಪದ ಕ್ಲಿಫ್ಟನ್ ಊರಿನಲ್ಲಿ ನಾವು ತಂಗಿದ್ದ ಬೀದಿಯ ಬಣ್ಣಬಣ್ಣದ ಮರದ ಮನೆಗಳನ್ನು ವರ್ಣಿಸುವ ಹುರುಪು ನನಗಿತ್ತು. ನಾವು ಮರಳಿದ ಮೇಲೆ, 2024ರ ಜುಲೈ 1ರಂದು, ಬೆರಿಲ್ ಎಂಬ ಚಂಡಮಾರುತ ಯೂನಿಯನ್, ಮೈರೋ ಮತ್ತು ಕಾರಿಯಕೂ ದ್ವೀಪಗಳ ಮೇಲೆ ಹಾಯ್ದು ಅಲ್ಲಿಯ ಬಹುಪಾಲು ಮನೆಗಳ ಮಾಡುಗಳನ್ನು ಕಿತ್ತೊಗೆಯಿತು. ಮಾಡಿಲ್ಲದಿದ್ದರೆ ಅಲ್ಲಿ ನೆರಳಷ್ಟೇ ಅಲ್ಲ, ಕುಡಿಯುವ ನೀರೂ ಇಲ್ಲ. ಆ ಬೀದಿಯನ್ನು ಇಲ್ಲಿ ವರ್ಣಿಸಲಾರೆ.

ಯೂನಿಯನ್ನಿನಿಂದ ಕಾರಿಯಕೂವಿಗೆ ಹೋಗುವುದೆಂದರೆ, ಒಂದು ಗಂಟೆಯೂ ಹಿಡಿಯದ ದಾರಿಯಾದರೂ, ಒಂದು ಸ್ವತಂತ್ರ ದೇಶದಿಂದ ಇನ್ನೊಂದಕ್ಕೆ ಹೋದಂತೆ. ಗ್ರೆನಡೀನ್ಸ್ ಸಾಲಿನ ದಕ್ಷಿಣದ ತುದಿ ಗ್ರೆನಡಾದ ಆಡಳಿತಕ್ಕೆ ಸೇರಿದ್ದು. ಎರಡು ಕಡೆಯೂ ಚಲಾವಣೆಯಾಗುವ ಡಾಲರು ಒಂದೇ ಆದರೂ ಪಾಸ್‌ಪೋರ್ಟಿನ ಮೊಹರು ಬೇರೆ. ಅರ್ಜಿಯಲ್ಲಿ 'ಭೇಟಿಯ ಉದ್ದೇಶ' ಎಂಬ ಅಂಕಣದ ಮುಂದೆ ನಾನು ಪೆನ್ನನ್ನು ತಡೆದು ಕೂತೆ. ಸಕ್ಕರೆಗೆಂದು ಬಂದವರು, ಸಂಕೋಲೆಯಲ್ಲಿ ಬಂದವರು, ಕರಾರಿಗೆ ಹೆಬ್ಬೆಟ್ಟೊತ್ತಿ ಬಂದವರು, ಇವರೆಲ್ಲರ ಉದ್ದೇಶವನ್ನು ಬೇರೆಯವರಾದರೂ ಭರ್ತಿ ಮಾಡಿದ್ದರು. "ಸುಮ್ಮನೆ ಅಂತ ಬರೆಯಿರಿ" ಎಂದಳು ನನ್ನಾಕೆ. ಹಾಗೆ ಬರೆಯುವ ಧೈರ್ಯ ಬಾರದೆ ವಿಶ್ರಾಂತಿ ಎಂದು ಬರೆದೆ. ಅಧಿಕಾರಿ ಅದನ್ನೋದದೆ ಮೊಹರು ಒತ್ತಿದಳು.

ಕಾರಿಯಕೂವಿನಲ್ಲಿ 'ಬಿಗ್ ಡ್ರಮ್' ಎಂಬ ನೃತ್ಯಪದ್ಧತಿಯೊಂದುಂಟು. ಮದುವೆಗೆ, ಹೊಸ ದೋಣಿ ನೀರಿಗಿಳಿಸುವುದಕ್ಕೆ, ಹಿರಿಯರ ಸ್ಮರಣೆಗೆ ಜನ ಸೇರಿ, ಡೋಲುಗಳ ಬಡಿತಕ್ಕೆ ವೃತ್ತದೊಳಗೆ ಕುಣಿಯುತ್ತಾರೆ. ಕ್ರೊಮಾಂಟಿ, ಇಗ್ಬೊ, ಮಾಂಡಿಂಗ್ ಎಂದು ಆಫ್ರಿಕದ ಒಂದೊಂದು ಕುಲಕ್ಕೂ ಅದರದೇ ಕುಣಿತ, ಅದರದೇ ಹಾಡು. ಭಾಷೆಯನ್ನೂ ದೇವರನ್ನೂ ಹೆಸರನ್ನೂ ಕಸಿದುಕೊಂಡು ತೋಟಕ್ಕೆ ನೂಕಲ್ಪಟ್ಟವರು, ನಾವು ಗೋತ್ರವನ್ನು ಕಾಪಾಡಿಕೊಂಡು ಬಂದಂತೆ, ತಾವು ಯಾವ ಕುಲದವರೆಂಬುದನ್ನು ತಲೆಮಾರುಗಳುದ್ದಕ್ಕೂ ಕಾಲಿನ ಹೆಜ್ಜೆಯಲ್ಲಿ ಕಾಪಾಡಿಕೊಂಡರು. ಪ್ರವರ ಹೇಳಿ ನಮಸ್ಕರಿಸುವಾಗ ಕಿವಿ ಮುಟ್ಟಿಕೊಳ್ಳುವುದಕ್ಕಿಂತ ಹೆಚ್ಚಿನ ಶ್ರಮವನ್ನು ನನ್ನ ಗೋತ್ರಕ್ಕಾಗಿ ನಾನು ಪಟ್ಟವನಲ್ಲ. ಆದಕಾರಣ ಈ ಹೋಲಿಕೆಯಲ್ಲಿ ನಾನೇ ಹಗುರ.

ಕೊನೆಯ ದಿನಗಳು ಗ್ರೆನಡಾದಲ್ಲಿ ಕಳೆದವು. ಈ ದೇಶ ತನ್ನ ಧ್ವಜದ ಮೇಲೆಯೇ ಜಾಯಿಕಾಯಿಯನ್ನು ಚಿತ್ರಿಸಿಕೊಂಡಿದೆ. ಅದೂ ಇಂಡೊನೇಷ್ಯದ ಬಾಂಡಾ ದ್ವೀಪಗಳ ಮೂಲದ ಗಿಡ. 1843ರಲ್ಲಿ ಇಲ್ಲಿಗೆ ಬಂದು ನೆಲೆಯೂರಿತು. ಗೂಯಾವ್ ಎಂಬ ಊರಿನ ಹಳೆಯ ಮಂಡಿಯಲ್ಲಿ, ಅಗಲವಾದ ಮರದ ತಟ್ಟೆಗಳ ಮೇಲೆ ಹರಡಿದ ಜಾಯಿಕಾಯಿಗಳನ್ನು ಹೆಂಗಸರು ಕೈಯಾಡಿಸಿ ಆರಿಸುತ್ತಿದ್ದರು. ಒಡೆದ ಕಾಯಿಗಳನ್ನು ನೀರಿಗೆ ಹಾಕಿದಾಗ ಮುಳುಗಿದುದು ಉತ್ತಮ, ತೇಲಿದುದು ಎಣ್ಣೆಯ ಪಾಲಿಗೆ. ಒಬ್ಬಾಕೆ ಆಗತಾನೆ ಬಿರಿದ ಹಣ್ಣನ್ನು ನನ್ನ ಪತ್ನಿಯ ಅಂಗೈಯಲ್ಲಿಟ್ಟಳು: ಹಳದಿ ತೊಗಟೆಯ ನಡುವೆ ಕಪ್ಪು ಬೀಜ, ಅದನ್ನು ತಬ್ಬಿದ ನೆತ್ತರುಗೆಂಪಿನ ಜಾಪತ್ರೆ. ಮಂಡಿಯ ಅರ್ಧಭಾಗ ಖಾಲಿಯಿತ್ತು. 2004ರ ಸೆಪ್ಟೆಂಬರಿನಲ್ಲಿ ಇವಾನ್ ಚಂಡಮಾರುತ ದೇಶದ ಬಹುಪಾಲು ಜಾಯಿಕಾಯಿ ಮರಗಳನ್ನು ಉರುಳಿಸಿತು. ನೆಟ್ಟ ಸಸಿ ಫಲಕ್ಕೆ ಬರಲು ಆರೇಳು ವರ್ಷ ಕಾಯಬೇಕು, ಅಷ್ಟು ಕಾಯಲಾರದೆ ಹಲವರು ಬೇರೆ ಬೆಳೆ ಹಿಡಿದರು.

ನಾವು ತಂಗಿದ್ದ ಮನೆಯ ಒಡತಿ ಒಂದು ಮಧ್ಯಾಹ್ನ ನಮಗಾಗಿ 'ಆಯಿಲ್ ಡೌನ್' ಮಾಡಿದರು. ಜೀಗುಜ್ಜೆಯ ಹೋಳು, ಕೆಸುವಿನ ಎಲೆ, ಅರಸಿನ, ತೆಂಗಿನ ಹಾಲು. ಹಾಲೆಲ್ಲ ಇಂಗಿ ಪಾತ್ರೆಯ ತಳದಲ್ಲಿ ಎಣ್ಣೆಯಷ್ಟೇ ಉಳಿಯುವವರೆಗೆ ಸಣ್ಣ ಉರಿಯಲ್ಲಿ ಬೇಯಬೇಕು. ಉಪ್ಪುಮಾಂಸ ಬೀಳಬೇಕಾದುದು ನಮ್ಮ ದೆಸೆಯಿಂದ ಬೀಳಲಿಲ್ಲ. ಪುತ್ತೂರಿನವಳು ಎರಡು ಸಲ ಹಾಕಿಸಿಕೊಂಡು ಉಂಡಳು. ಮರುದಿನ ಋಣ ತೀರಿಸುವ ಹಟದಿಂದ, ಕೈಚೀಲದ ತಳದಲ್ಲಿ ಟೊರಾಂಟೊದಿಂದ ಬಂದಿದ್ದ ಸಾಸಿವೆ, ಇಂಗು, ಒಣಮೆಣಸುಗಳನ್ನು ಹೊರಗೆ ತೆಗೆದು, ಅದೇ ಒಲೆಯ ಮೇಲೆ ಜೀಗುಜ್ಜೆಯ ಪಲ್ಯ ಮಾಡಿ, ಮೇಲೆ ತೆಂಗಿನತುರಿ ಉದುರಿಸಿ ಬಡಿಸಿದಳು. ಒಡತಿ ತಿಂದರು, ಕಣ್ಣು ಮುಚ್ಚಿ ಇನ್ನೊಮ್ಮೆ ತಿಂದರು, ಬಹಳ ಚೆನ್ನಾಗಿದೆ ಎಂದರು; ಆಮೇಲೆ ತಟ್ಟೆಯನ್ನು ಆಚೆ ಸರಿಸಿ, ಇದಕ್ಕೆ ಒಂದಿಷ್ಟು ಉಪ್ಪುಮೀನು ಬಿದ್ದಿದ್ದರೆ ಊಟವೆನ್ನಬಹುದಿತ್ತು ಎಂದು ವಿನಯದಿಂದ ತಿಳಿಸಿದರು.

ನಾನು ಮುಖ ಬೇರೆ ಕಡೆ ತಿರುಗಿಸಿದೆ.

"ನಿನ್ನೆಯದ್ದಕ್ಕೆ ಒಗ್ಗರಣೆಯೇ ಇರಲಿಲ್ಲ" ಎಂದಳು ನನ್ನ ಪತ್ನಿ ಕನ್ನಡದಲ್ಲಿ, ಒಡತಿಯ ಕಡೆಗೆ ನಗುತ್ತಲೇ. "ನಾನು ಏನಾದರೂ ಹೇಳಿದೆನಾ?"